ಥ್ಯಾಂಕ್ಸ್‌ಗಿವಿಂಗ್: ನಂಬಿಕೆ ಎಷ್ಟು, ನಿಜ ಎಷ್ಟು?

ಅಮೆರಿಕದಲ್ಲಿ ಪ್ರತಿವರ್ಷ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಎಂಬ ಕೃತಜ್ಞತೆಯ ಹಬ್ಬ ನಡೆಯುತ್ತದೆ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಟರ್ಕಿ ಕೋಳಿಯ ಊಟ ಮಾಡುತ್ತಾರೆ. ಈ ಹಬ್ಬದ ಸುತ್ತ ಹಲವು ತಪ್ಪು ತಿಳಿವಳಿಕೆಗಳು ಬೆಳೆದಿವೆ.

ಟರ್ಕಿ ಮಾಂಸದಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ನಿದ್ದೆ ತರಿಸುತ್ತದೆ ಎಂಬುದು ಮೊದಲನೆಯದು. ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ದೇಹದಲ್ಲಿ ತಯಾರಾಗುವುದು ಟ್ರಿಪ್ಟೊಫ್ಯಾನ್‌ನಿಂದಲೇ, ನಿಜ. ಆದರೆ ಸಾಮಾನ್ಯ ಕೋಳಿಯ ಮಾಂಸದಲ್ಲೂ ಅದು ಹೆಚ್ಚುಕಡಿಮೆ ಅಷ್ಟೇ ಇದೆ. ಉಳಿದ ಅಮೈನೋ ಆಮ್ಲಗಳ ಪೈಪೋಟಿಯಲ್ಲಿ ಮಿದುಳನ್ನು ಸೇರುವುದು ಸ್ವಲ್ಪವೇ. ತೂಕಡಿಕೆಗೆ ಮುಖ್ಯ ಕಾರಣ ಹೊಟ್ಟೆ ಬಿರಿಯುವಷ್ಟು ಊಟ. ಹೋಳಿಗೆ ಊಟದ ನಂತರವೂ ಕಣ್ಣು ಎಳೆಯುವುದಿಲ್ಲವೇ?

ಟರ್ಕಿ ಕೋಳಿ ಟರ್ಕಿ ದೇಶದ್ದೂ ಅಲ್ಲ. ಅದರ ತವರು ಉತ್ತರ ಅಮೆರಿಕ. ಅದನ್ನು ಮೊದಲು ಸಾಕಿ ಪಳಗಿಸಿದವರಲ್ಲಿ ಮೆಕ್ಸಿಕೊದ ಮೂಲನಿವಾಸಿಗಳು ಪ್ರಮುಖರು. ತಮಾಷೆಯೆಂದರೆ, ಟರ್ಕಿ ಭಾಷೆಯಲ್ಲಿ ಈ ಹಕ್ಕಿಯ ಹೆಸರು 'ಹಿಂದಿ', ಅಂದರೆ ಭಾರತದ್ದು!

1621ರ ಮೊದಲ ಹಬ್ಬದಿಂದ ಆಚರಣೆ ತಪ್ಪದೆ ನಡೆದು ಬಂದಿದೆ ಎಂಬುದು ಇನ್ನೊಂದು ನಂಬಿಕೆ. ಆ ವರ್ಷ ಪ್ಲಿಮತ್‌ನಲ್ಲಿ ಇಂಗ್ಲಿಷ್ ವಲಸೆಗಾರರು ಸುಗ್ಗಿಯ ನಂತರ ಔತಣ ಮಾಡಿದ್ದು ನಿಜ. ವಾಂಪನೋಗ್ ಜನರ ನಾಯಕ ಮ್ಯಾಸಸಾಯ್ಟ್ ಸುಮಾರು 90 ಮಂದಿಯೊಡನೆ ಬಂದಿದ್ದ. ಅವರು ಐದು ಜಿಂಕೆಗಳನ್ನು ಬೇಟೆಯಾಡಿ ತಂದರು. ಆಲೂಗಡ್ಡೆ ಅಲ್ಲಿ ಇರಲಿಲ್ಲ. ಇದು ರಾಷ್ಟ್ರೀಯ ವಾರ್ಷಿಕ ಹಬ್ಬವಾಗಿ ನೆಲೆಯೂರಿದ್ದು 1863ರಲ್ಲಿ ಅಧ್ಯಕ್ಷ ಲಿಂಕನ್ ಹೊರಡಿಸಿದ ಘೋಷಣೆಯಿಂದ. ನಾಲ್ಕನೇ ಗುರುವಾರ ಎಂದು ಕಾನೂನು ಗೊತ್ತುಮಾಡಿದ್ದು 1941ರಲ್ಲಿ.

ಶಾಲೆಯ ಕಥೆಗಳಲ್ಲಿ ಬಿಟ್ಟುಹೋಗುವ ಸಂಗತಿಯೊಂದಿದೆ. ವಲಸೆಗಾರರಿಗೆ ಮೀನಿನ ಗೊಬ್ಬರ ಹಾಕಿ ಮೆಕ್ಕೆಜೋಳ ಬೆಳೆಯುವುದನ್ನು ಕಲಿಸಿದವನು ಟಿಸ್ಕ್ವಾಂಟಮ್. 1614ರಲ್ಲಿ ಇಂಗ್ಲಿಷ್ ನಾವಿಕನೊಬ್ಬ ಅವನನ್ನು ಅಪಹರಿಸಿ ಸ್ಪೇನ್‌ಗೆ ಒಯ್ದಿದ್ದ. 1619ರಲ್ಲಿ ಅವನು ಮರಳಿದಾಗ ಅವನ ಹಳ್ಳಿ ಪಟುಕ್ಸೆಟ್‌ನಲ್ಲಿ ಯಾರೂ ಉಳಿದಿರಲಿಲ್ಲ. ಯೂರೋಪಿಯನ್ನರ ಸಂಪರ್ಕದಿಂದ ಬಂದ ಸಾಂಕ್ರಾಮಿಕ ರೋಗ ಊರನ್ನೇ ಅಳಿಸಿಹಾಕಿತ್ತು. ಆ ರೋಗವನ್ನು ಎದುರಿಸುವ ಶಕ್ತಿ ಅಲ್ಲಿನವರ ದೇಹಕ್ಕೆ ಇರಲಿಲ್ಲ. ಪ್ಲಿಮತ್ ತಲೆಯೆತ್ತಿದ್ದು ಆ ಹಾಳೂರಿನ ನೆಲದ ಮೇಲೆ.

ಇದನ್ನು ಮರೆಯದ ಮೂಲನಿವಾಸಿಗಳು 1970ರಿಂದ ಅದೇ ದಿನ, ಅದೇ ಪ್ಲಿಮತ್‌ನಲ್ಲಿ ಶೋಕದಿನ ಆಚರಿಸುತ್ತಾರೆ. ಹಬ್ಬದ ಕಥೆ ಕೇಳುವ ಮಕ್ಕಳಿಗೆ ಟಿಸ್ಕ್ವಾಂಟಮ್‌ನ ಹೆಸರೂ ತಿಳಿದಿರಬೇಕು. ಮೊದಲ ಕೃತಜ್ಞತೆ ಸಲ್ಲಬೇಕಾದದ್ದು ಅವನಂಥವರಿಗೆ.