ಕಫವೋ, ಉಗುಳೋ?

ಕೆಮ್ಮಿನಿಂದ ಬಳಲಿ ಬಂದ ಬಡವನ ಕೈಗೆ ಒಂದು ಡಬ್ಬಿಯನ್ನಿತ್ತು ‘ಸ್ಪ್ಯೂಟಮ್ ತೆಗೆದುಕೊಂಡು ಬಾ’ ಎಂದು ಅಪ್ಪಣೆ ಮಾಡುವ ವಾಡಿಕೆಯು ನಮ್ಮಲ್ಲಿ ಇನ್ನೂ ಅಳಿದಿಲ್ಲ. ಆತನ ಚೀಟಿಯಲ್ಲಿ ‘ಎಕ್ಸ್‌ಪೆಕ್ಟೊರೇಷನ್’ ಎಂದು ಬರೆದಿರುತ್ತದೆ. ಅರ್ಥವರಿಯದ ಆತನು ಬಾಯಲ್ಲಿದ್ದ ಉಗುಳನ್ನೇ ಡಬ್ಬಿಗೆ ಹಾಕಿ ಕೈಮುಗಿಯುತ್ತಾನೆ. ಉಗುಳಿನಲ್ಲಿ ಕ್ಷಯದ ಕ್ರಿಮಿಯು ಎಷ್ಟೋ ವೇಳೆ ಕಾಣಿಸದು, ರೋಗವಿಲ್ಲವೆಂದು ತೀರ್ಪಾಗುತ್ತದೆ, ಆತನು ಮನೆಗೆ ಮರಳಿ ಮಕ್ಕಳ ನಡುವೆಯೇ ಕೆಮ್ಮುತ್ತಿರುತ್ತಾನೆ. ವಾಚಕ ಮಹಾಶಯರೇ, ಇದು ಯಾರ ಅಪರಾಧ?

ಆ ಪರಭಾಷೆಯ ಶಬ್ದದಲ್ಲಿ ಅಂತಹ ಗಹನವಾದುದೇನಿದೆ? ಲ್ಯಾಟಿನ್ನಿನಲ್ಲಿ ‘ಎಕ್ಸ್’ ಎಂದರೆ ಹೊರಗೆ, ‘ಪೆಕ್ಟಸ್’ ಎಂದರೆ ಎದೆ. ಎದೆಯೊಳಗಿನ ಕಫವನ್ನು ಕೆಮ್ಮಿ ಹೊರಗೆ ಹಾಕುವುದು, ಇಷ್ಟೇ ಅದರ ತಾತ್ಪರ್ಯ! ಬಾಯಿಯದು ಉಗುಳು, ಮೂಗಿನದು ಸಿಂಬಳ, ಎದೆಯದು ಕಫ. ಮೂರಕ್ಕೂ ಮೂರು ಹೆಸರುಗಳನ್ನಿಟ್ಟಿರುವ ನುಡಿಯು ವೈದ್ಯಕ್ಕೆ ಸಾಲದೆನ್ನುವವರ ಧೈರ್ಯವನ್ನು ಮೆಚ್ಚಲೇಬೇಕು. ಹಾಗೆಂದು ‘ಕಫೋತ್ಸರ್ಜನ’ವೆಂಬ ಸಮಾಸವನ್ನು ರೋಗಿಯ ತಲೆಯ ಮೇಲೆ ಹೊರಿಸುವ ಪಂಡಿತರನ್ನೂ ನಾವು ಕ್ಷಮಿಸಲಾರೆವು. ವೈದ್ಯರು ತಮ್ಮತಮ್ಮೊಳಗೆ ಯಾವ ಪರಿಭಾಷೆಯನ್ನಾದರೂ ಆಡಿಕೊಳ್ಳಲಿ. ರೋಗಿಗೆ ಹೇಳುವ ಮಾತು ರೋಗಿಗೆ ತಿಳಿಯಬೇಕು.

ಇದು ಬರಿಯ ಭಾಷಾಭಿಮಾನದ ವಾದವೆನ್ನುವವರು ಈ ಸಾಕ್ಷ್ಯವನ್ನು ನೋಡಲಿ. ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಪರೀಕ್ಷಣದಲ್ಲಿ, ಕಫವನ್ನು ಹೇಗೆ ತೆಗೆಯಬೇಕೆಂದು ತಿಳಿಸಿಹೇಳಲ್ಪಟ್ಟ ಸ್ತ್ರೀಯರ ಪೈಕಿ ನೂರಕ್ಕೆ 13 ಮಂದಿಯಲ್ಲಿ ಕ್ರಿಮಿಯು ಪತ್ತೆಯಾಯಿತು. ಹಾಗೆ ತಿಳಿಸದವರಲ್ಲಿ ನೂರಕ್ಕೆ 8 ಮಂದಿಯಲ್ಲಿ ಮಾತ್ರ. ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ; ನಾಲ್ಕು ತಿಳಿಮಾತುಗಳಿಂದಲೇ ಇಷ್ಟು ಅಂತರ! ರಾಬರ್ಟ್ ಕಾಖ್ 1882ರಲ್ಲಿಯೇ ಆ ಕ್ರಿಮಿಯನ್ನು ಲೋಕಕ್ಕೆ ತೋರಿಸಿಕೊಟ್ಟನು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಪಾಲು ಭಾರತದವರಾಗಿರುವ ಈ ಕಾಲದಲ್ಲಿಯೂ ನಾವು ಒಂದು ಶಬ್ದಕ್ಕಾಗಿ ಅದನ್ನು ಕೈಬಿಡುವುದೇ?

ಆದುದರಿಂದ ಆಸ್ಪತ್ರೆಯ ಗೋಡೆಗಳ ಮೇಲೆ ದಪ್ಪಕ್ಷರಗಳಲ್ಲಿ ಹೀಗೆ ಬರೆಯಿಸಿರಿ. ಉಪಾಧ್ಯಾಯರೇ, ನಿಮ್ಮ ಮಕ್ಕಳಿಂದಲೂ ಇದನ್ನು ಬಾಯಿಪಾಠ ಮಾಡಿಸಿರಿ: ‘ಎರಡು ವಾರ ಮೀರಿದ ಕೆಮ್ಮಿಗೆ ಕಫಪರೀಕ್ಷೆ ಮಾಡಿಸಿ. ಬೆಳಿಗ್ಗೆ ಎದ್ದೊಡನೆ ನೀರಿನಿಂದ ಬಾಯಿ ಮುಕ್ಕಳಿಸಿ, ಗಾಳಿಯಾಡುವ ಬಯಲಿನಲ್ಲಿ ನಿಂತು, ದೀರ್ಘವಾಗಿ ಉಸಿರೆಳೆದುಕೊಂಡು, ಎದೆಯಾಳದಿಂದ ಕೆಮ್ಮಿ ಬಂದ ಕಫವನ್ನು ಡಬ್ಬಿಗೆ ಹಾಕಿ ಮುಚ್ಚಿ. ಉಗುಳು ಬೇಡ.’

ಇಷ್ಟನ್ನು ತಿಳಿಯದವನು ದಡ್ಡನಲ್ಲ. ತಿಳಿಯುವಂತೆ ಹೇಳದವನೇ ಕರ್ತವ್ಯಭ್ರಷ್ಟನು.