ಔಷಧದಾನಕ್ಕೆ ಅಭಯದಾನದ ಬಲಿಯೇ?

ಕ್ಯಾಪ್ಸೂಲಿನ ಹೊರಕವಚ ಜೆಲಟಿನ್‌ನಿಂದ ಆದದ್ದೇ, ಲೇಹ್ಯದಲ್ಲಿ ಜೇನು ಸೇರಿದೆಯೇ ಎಂದು ಔಷಧದ ಅಂಗಡಿಯಲ್ಲಿ ವಿಚಾರಿಸುವ ಶ್ರಾವಕ ಕುಟುಂಬಗಳು ಇಂದಿಗೂ ಕಡಿಮೆಯಿಲ್ಲ. ಅದು ಶ್ಲಾಘ್ಯವಾದ ಎಚ್ಚರ. ಆದರೆ ‘ಶುದ್ಧ ಗಿಡಮೂಲಿಕೆಗಳಿಂದ ತಯಾರಾದದ್ದು, ಯಕೃತ್ತಿನ ರಕ್ಷಣೆಗೆ ಪ್ರಯೋಗಸಿದ್ಧ’ ಎಂಬ ಬರಹವುಳ್ಳ ಸೀಸೆಯನ್ನು ಅದೇ ಕುಟುಂಬಗಳು ಯಾವ ಪ್ರಶ್ನೆಯನ್ನೂ ಕೇಳದೆ ಮನೆಗೆ ಒಯ್ಯುತ್ತವೆ. ಸೀಸೆಯ ಒಳಗಿರುವುದು ಸಸ್ಯವೇ ಹೌದು. ಆದರೆ ‘ಪ್ರಯೋಗಸಿದ್ಧ’ ಎಂಬ ಆ ಒಂದು ಪದದ ಹಿಂದೆ ಇರುವುದೇನು?

ಫಾರ್ಮಸಿ ಕಾಲೇಜುಗಳಲ್ಲಿಯೂ ಸಂಶೋಧನಾಲಯಗಳಲ್ಲಿಯೂ ಈ ಪ್ರಯೋಗ ನಡೆಯುವ ಕ್ರಮ ಬಹುಮಟ್ಟಿಗೆ ಒಂದೇ. ನೆಲನೆಲ್ಲಿ, ಗರುಗ, ನೆಲಬೇವು, ಕೊಮ್ಮೆ, ಅಮೃತಬಳ್ಳಿ ಮೊದಲಾದ ಯಾವುದಾದರೊಂದು ಗಿಡದ ಎಲೆಯನ್ನೋ ಬೇರನ್ನೋ ಒಣಗಿಸಿ, ಪುಡಿಮಾಡಿ, ಮದ್ಯಸಾರದಲ್ಲಿಯೋ ನೀರಿನಲ್ಲಿಯೋ ಸಾರ ತೆಗೆಯುತ್ತಾರೆ. ಮೊದಲ ಹಂತದ ಪರೀಕ್ಷೆ ಗಾಜಿನ ನಳಿಕೆಯಲ್ಲಿ. ಡಿಪಿಪಿಎಚ್ ಎಂಬ ಗಾಢ ನೇರಳೆ ಬಣ್ಣದ ರಾಸಾಯನಿಕಕ್ಕೆ ಸಾರವನ್ನು ಬೆರೆಸಿದಾಗ ಬಣ್ಣ ಹಳದಿಗೆ ತಿರುಗಿದರೆ ಅದಕ್ಕೆ ಉತ್ಕರ್ಷಣನಿರೋಧಕ ಶಕ್ತಿ ಇದೆಯೆಂದು ತಿಳಿಯುತ್ತಾರೆ. 517 ನ್ಯಾನೊಮೀಟರ್ ತರಂಗದ ಬೆಳಕಿನಲ್ಲಿ ಆ ಬದಲಾವಣೆಯನ್ನು ಅಳೆಯುತ್ತಾರೆ. ಇಲ್ಲಿಯವರೆಗೆ ಯಾವ ಪ್ರಾಣಿಗೂ ನೋವಿಲ್ಲ.

ಎರಡನೆಯ ಹಂತದಲ್ಲಿ ಬಿಳಿ ಇಲಿಗಳು ಬರುತ್ತವೆ. ಸಾಮಾನ್ಯವಾಗಿ ಗುಂಪಿಗೆ 6ರಂತೆ ಐದಾರು ಗುಂಪುಗಳು. ಒಂದು ಗುಂಪನ್ನು ಬಿಟ್ಟು ಉಳಿದವುಗಳಿಗೆಲ್ಲ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷವನ್ನೋ ಅತಿಪ್ರಮಾಣದ ಪ್ಯಾರಾಸಿಟಮಾಲನ್ನೋ ಕೊಟ್ಟು ಬೇಕೆಂದೇ ಯಕೃತ್ತನ್ನು ಕೆಡಿಸುತ್ತಾರೆ. ಕೆಲವು ಗುಂಪುಗಳಿಗೆ ಸಸ್ಯಸಾರ, ಒಂದು ಗುಂಪಿಗೆ ಹೋಲಿಕೆಗಾಗಿ ಸಿಲಿಮರಿನ್, ಇನ್ನೊಂದಕ್ಕೆ ಬರಿಯ ವಿಷ. ಕೊನೆಯಲ್ಲಿ ರಕ್ತ ತೆಗೆದು ಎಸ್‌ಜಿಪಿಟಿ, ಎಸ್‌ಜಿಒಟಿ, ಬಿಲಿರುಬಿನ್‌ಗಳ ಪ್ರಮಾಣವನ್ನು ನೋಡುತ್ತಾರೆ. ಬಳಿಕ ಎಲ್ಲ ಇಲಿಗಳನ್ನೂ ಕೊಂದು, ಯಕೃತ್ತನ್ನು ಕೊಯ್ದು ತೂಗಿ, ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ವಿಷ ಉಂಡದ್ದೂ ಸಾಯುತ್ತದೆ, ಔಷಧ ಉಂಡದ್ದೂ ಸಾಯುತ್ತದೆ, ಏನನ್ನೂ ಉಣ್ಣದ ಆರೋಗ್ಯವಂತ ಇಲಿಯೂ ಸಾಯುತ್ತದೆ. ಇದು ‘ಪ್ರಯೋಗಸಿದ್ಧ’ ಎಂಬ ಪದದ ತಾತ್ಪರ್ಯ.

ಇದನ್ನು ಸಮರ್ಥಿಸುವವರು ಶ್ರಾವಕಾಚಾರದ ಮಾತನ್ನೇ ಮುಂದಿಡುವುದುಂಟು. ಗೃಹಸ್ಥನು ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಪೂರ್ಣವಾಗಿ ಬಿಡಲಾರ, ಸಂಕಲ್ಪೀ ಹಿಂಸೆಯನ್ನು ಮಾತ್ರ ಬಿಡಬೇಕು. ಸಂಶೋಧನೆ ಒಂದು ಉದ್ಯೋಗ, ಅದರ ಫಲ ಲೋಕಹಿತ. ಆದುದರಿಂದ ಇದು ಉದ್ಯೋಗೀ ಹಿಂಸೆಯೇ ಎಂಬುದು ಅವರ ವಾದ.

ಈ ವಾದ ನಿಲ್ಲುವುದಿಲ್ಲ. ರೈತನ ನೇಗಿಲಿಗೆ ಸಿಕ್ಕಿ ಹುಳು ಸಾಯುತ್ತದೆ. ಆದರೆ ಹುಳು ಸಾಯಲೆಂದು ಅವನು ಉಳುವುದಿಲ್ಲ. ಅದು ತಪ್ಪಿಸಿಕೊಂಡರೆ ಅವನ ಬೆಳೆಗೆ ನಷ್ಟವಿಲ್ಲ. ಪ್ರಯೋಗಾಲಯದ ಸಂಗತಿ ಇದಕ್ಕೆ ತೀರ ವಿರುದ್ಧ. ಅಲ್ಲಿ ಇಲಿಯ ಯಕೃತ್ತು ಕೆಡದಿದ್ದರೆ ಪ್ರಯೋಗವೇ ವಿಫಲ. ಯಾವ ದಿನ, ಎಷ್ಟು ಪ್ರಮಾಣದಲ್ಲಿ ವಿಷ ಕೊಡಬೇಕು, ಯಾವ ದಿನ ಕೊಲ್ಲಬೇಕು ಎಂಬುದು ಮೊದಲೇ ಕಾಗದದ ಮೇಲೆ ಬರೆದಿಟ್ಟ ಸಂಕಲ್ಪ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದೊಡನೆ ಕರ್ತೃವಿನ ಪ್ರಮತ್ತಭಾವವನ್ನೂ ಸೇರಿಸಿರುವುದು ಈ ವಿವೇಚನೆಗಾಗಿಯೇ. ಜನ್ನನ ಯಶೋಧರ ಚರಿತೆಯನ್ನು ಓದಿದ ಕನ್ನಡ ಜೈನರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಸಂಕಲ್ಪ ಕೊಲೆಯದಾದುದರಿಂದ ತಾಯಿಮಗ ಜನ್ಮಜನ್ಮಾಂತರಗಳಲ್ಲಿ ತಿರ್ಯಗ್ಯೋನಿಯ ನೋವನ್ನು ಅನುಭವಿಸಬೇಕಾಯಿತು. ಹಿಟ್ಟಿನ ಕೋಳಿಗೇ ಇಷ್ಟಾದರೆ, ಉಸಿರಾಡುವ, ನೋವನ್ನು ಬಲ್ಲ ಪಂಚೇಂದ್ರಿಯ ಜೀವಿಗೆ ಎಷ್ಟು?

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಪರೀಕ್ಷಿಸದ ಸಸ್ಯವನ್ನು ರೋಗಿಗೆ ಕೊಡುವುದೂ ಹಿಂಸೆಯಲ್ಲವೇ? ನಿಜ, ಅದೂ ಪ್ರಮಾದವೇ. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವೆಂಬ ಭ್ರಮೆ ಬೇಡ. ಅಮೃತಬಳ್ಳಿಯನ್ನು ಸೇವಿಸಿದ 6 ಮಂದಿಯಲ್ಲಿ ಯಕೃತ್ತಿಗೆ ಹಾನಿ ಕಂಡುಬಂದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ಅದೇನೇ ಇರಲಿ, ಇಲ್ಲಿ ಗಮನಿಸಬೇಕಾದದ್ದು ಬೇರೆ. ಇಲಿಗಳಲ್ಲಿ ಯಕೃತ್ತನ್ನು ರಕ್ಷಿಸುತ್ತದೆಂದು ಹಲವು ಪ್ರಬಂಧಗಳು ಹೊಗಳಿದ್ದ ಬಳ್ಳಿಯೇ ಅದು. ಇಲಿಗಳ ಸಾವು ಈ ಸಂದೇಹವನ್ನು ಮೊದಲೇ ಎಚ್ಚರಿಸಲೂ ಇಲ್ಲ, ಆಮೇಲೆ ಪರಿಹರಿಸಲೂ ಇಲ್ಲ. ಪ್ರಶ್ನೆ ಎದ್ದದ್ದು ಮನುಷ್ಯರನ್ನು ನೋಡಿದಾಗ.

ಇದು ಆಕಸ್ಮಿಕವಲ್ಲ. ಎಷ್ಟೋ ಪ್ರಯೋಗಗಳಲ್ಲಿ ಸಸ್ಯಸಾರವನ್ನು ವಿಷಕ್ಕಿಂತ ಮೊದಲೇ ಕೊಟ್ಟಿರುತ್ತಾರೆ. ರೋಗಿಯಾದರೋ ಕಾಯಿಲೆ ಬಂದ ಮೇಲೆ ವೈದ್ಯರಲ್ಲಿಗೆ ಬರುತ್ತಾನೆ. ಅವನ ಯಕೃತ್ತು ಕೆಟ್ಟಿರುವುದು ವೈರಸ್ಸಿನಿಂದ, ಮದ್ಯಪಾನದಿಂದ, ಕೊಬ್ಬಿನ ಸಂಚಯದಿಂದ. ಕಾರ್ಬನ್ ಟೆಟ್ರಾಕ್ಲೋರೈಡಿನಿಂದ ಅಲ್ಲ. ಪ್ಯಾರಾಸಿಟಮಾಲಿನ ವಿಷವನ್ನು ದೊಡ್ಡ ಇಲಿ ತಡೆದುಕೊಳ್ಳುವಷ್ಟು ಚಿಟ್ಟಿಲಿ ತಡೆದುಕೊಳ್ಳಲಾರದು. ಅಷ್ಟು ಹತ್ತಿರದ ಎರಡು ಜೀವಿಗಳಲ್ಲಿಯೇ ಈ ಅಂತರವಿರುವಾಗ ಮನುಷ್ಯನ ವಿಚಾರವನ್ನು ಇಲಿಯಿಂದ ತೀರ್ಮಾನಿಸುವುದು ಹೇಗೆ?

ಉತ್ಕರ್ಷಣನಿರೋಧಕದ ಕೀರ್ತಿಯೂ ಇಂತಹದೇ. ನಳಿಕೆಯಲ್ಲಿ ಬಣ್ಣ ಬದಲಾದ ಮಾತ್ರಕ್ಕೆ ಶರೀರದಲ್ಲಿ ಗುಣವಾಗುವುದಿಲ್ಲ. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉತ್ಕರ್ಷಣನಿರೋಧಕವೆಂದು ಪ್ರಸಿದ್ಧವಾದ ಬೀಟಾ ಕ್ಯಾರೊಟಿನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಶೇಕಡ ಹೆಚ್ಚಾಗಿ ಕಂಡಿತು. ಆಹಾರಪದಾರ್ಥಗಳ ಉತ್ಕರ್ಷಣನಿರೋಧಕ ಶಕ್ತಿಯ ಪಟ್ಟಿಯನ್ನು ಪ್ರಕಟಿಸಿದ್ದ ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ಅದನ್ನು ಹಿಂತೆಗೆದುಕೊಂಡಿತು.

ನೆಲನೆಲ್ಲಿಯ ಕಥೆ ಇನ್ನೂ ಬೋಧಪ್ರದ. ಹೆಪಟೈಟಿಸ್-ಬಿ ವೈರಸ್ಸನ್ನು ಹೊತ್ತ 37 ಮಂದಿಗೆ 30 ದಿನ ಈ ಸಸ್ಯವನ್ನು ಕೊಟ್ಟಾಗ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮರೆಯಾಯಿತೆಂದು ಮದರಾಸಿನ ತಜ್ಞರು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಲೋಕವೆಲ್ಲ ಬೆರಗಾಯಿತು. ಆದರೆ ಬೇರೆಡೆಗಳಲ್ಲಿ ನಡೆದ ಮುಂದಿನ ಪರೀಕ್ಷೆಗಳಲ್ಲಿ ಆ ಫಲ ದೊರೆಯಲಿಲ್ಲ. ಸಸ್ಯದ ಬೆಲೆಯನ್ನು ಕಟ್ಟಿದ್ದೂ ಪರಿಷ್ಕರಿಸಿದ್ದೂ ಒಪ್ಪಿಗೆಯಿತ್ತ ಮನುಷ್ಯರ ಮೇಲಿನ ಪರೀಕ್ಷೆಯೇ. ಇಲಿಗೆ ಒಪ್ಪಿಗೆ ಕೊಡುವ ಶಕ್ತಿಯೂ ಇಲ್ಲ, ನಿರಾಕರಿಸುವ ಶಕ್ತಿಯೂ ಇಲ್ಲ.

ಕಾನೂನು ಇದನ್ನೆಲ್ಲ ಬಯಸುತ್ತದೆಯೇ? 1960ರ ಪ್ರಾಣಿಹಿಂಸೆ ನಿವಾರಣಾ ಕಾಯಿದೆ ಪ್ರಯೋಗಗಳಿಗೆ ಅವಕಾಶ ಕೊಟ್ಟಿದೆ. ಆದರೆ ಸಾಧ್ಯವಾದಲ್ಲೆಲ್ಲ ಅವನ್ನು ವರ್ಜಿಸಬೇಕೆಂದೂ, ಕೇವಲ ಕೈಚಳಕ ಕಲಿಯಲೆಂದು ನಡೆಸಬಾರದೆಂದೂ ಅದರ 17ನೆಯ ಕಲಂ ಹೇಳುತ್ತದೆ. ಶಾಸ್ತ್ರಗ್ರಂಥಗಳಲ್ಲಿ ಹೇಳಿದ ಆಯುರ್ವೇದ ಯೋಗವನ್ನು ಅಲ್ಲಿ ಹೇಳಿದ ರೋಗಕ್ಕೇ ಬಳಸುವುದಾದರೆ ಪರವಾನಗಿಗಾಗಿ ಸುರಕ್ಷತಾ ಅಧ್ಯಯನ ಬೇಕಿಲ್ಲವೆಂಬುದು 2010ರಲ್ಲಿ ಸೇರಿಸಿದ 158-ಬಿ ನಿಯಮದ ಆಶಯ. ಪ್ರಸಾಧನ ಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿ ನಿಷೇಧಿಸಿತು. ಹೊಸ ಔಷಧಗಳಿಗೂ ಪ್ರಾಣಿರಹಿತ ವಿಧಾನಗಳನ್ನು ಒಪ್ಪಬಹುದೆಂದು 2023ರಲ್ಲಿ ನಿಯಮ ತಿದ್ದುಪಡಿಯಾಯಿತು. ರಾಜ್ಯದ ಕಾನೂನು ಒಂದೊಂದೇ ಹೆಜ್ಜೆ ಅಹಿಂಸೆಯ ಕಡೆಗೆ ಬರುತ್ತಿರುವಾಗ, ಅಹಿಂಸೆಯನ್ನೇ ಪರಮಧರ್ಮವೆಂದು ಸಾರುವ ಸಮಾಜ ಹಿಂದೆ ನಿಲ್ಲುವುದು ಶೋಭೆಯಲ್ಲ. ಒಂದೇ ಗಿಡದ ಮೇಲೆ ಊರೂರಿನ ಕಾಲೇಜುಗಳಲ್ಲಿ ಅದೇ ವಿಷ, ಅದೇ ಕೋಷ್ಟಕ, ಅದೇ ಉಪಸಂಹಾರ ಪುನರಾವೃತ್ತಿಯಾಗುತ್ತಿದೆ. ಅದರಿಂದ ಹುಟ್ಟುವುದು ಹೆಚ್ಚಾಗಿ ಪದವಿ, ಔಷಧವಲ್ಲ.

ಬೇರೆ ದಾರಿಗಳು ಉಂಟು. ಗಿಡದ ಗುರುತು, ಕಲಬೆರಕೆ, ಸೀಸ ಪಾದರಸಗಳ ಅಂಶ ಇವನ್ನು ರಾಸಾಯನಿಕ ಪರೀಕ್ಷೆಯೇ ತಿಳಿಸುತ್ತದೆ. ರೋಗಿಗೆ ಅಪಾಯ ಬರುವುದು ಅನೇಕ ವೇಳೆ ಇವುಗಳಿಂದಲೇ. ಮನುಷ್ಯನ ಯಕೃತ್ತಿನ ಜೀವಕೋಶಗಳನ್ನು ಪಾತ್ರೆಯಲ್ಲಿ ಬೆಳೆಸಿ ಪರೀಕ್ಷಿಸಬಹುದು. ಆ ಕೋಶಗಳನ್ನು ಪೋಷಿಸಲು ಗರ್ಭಸ್ಥ ಕರುವಿನ ರಕ್ತದ ಸೀರಮ್ ಬಳಸುವ ರೂಢಿಯಿದೆ ಎಂಬುದನ್ನು ಮರೆಮಾಚಬೇಕಾಗಿಲ್ಲ; ಸೀರಮ್ ಇಲ್ಲದ ಪೋಷಕದ್ರವಗಳೂ ಇವೆ, ಅವನ್ನೇ ಕೇಳಿ ಪಡೆಯಬೇಕು. ಕೊನೆಯದಾಗಿ, ಶಾಸ್ತ್ರಸಮ್ಮತ ಔಷಧಗಳನ್ನು ಸೇವಿಸುವ ರೋಗಿಗಳ ರಕ್ತಪರೀಕ್ಷೆಯ ದಾಖಲೆಗಳನ್ನು ವರ್ಷಗಟ್ಟಲೆ ಪ್ರಾಮಾಣಿಕವಾಗಿ ಇಡುವುದು. ಇದು ನಿಧಾನದ ಕೆಲಸ, ಆದರೆ ನಿಜವಾದ ಕೆಲಸ.

ಹಾಗಾದರೆ ಪ್ರಾಣಿಗಳ ಮೇಲೆ ಪರೀಕ್ಷಿತವಾದ ಔಷಧಗಳನ್ನೆಲ್ಲ ರೋಗಿ ತ್ಯಜಿಸಬೇಕೇ ಎಂದು ಕೆಣಕುವವರಿಗೆ ಉತ್ತರ ಸರಳ. ಹಾಸಿಗೆ ಹಿಡಿದವನು ಈಗಾಗಲೇ ಇರುವ ಔಷಧವನ್ನು ಸೇವಿಸುವುದು ಬೇರೆ, ಮುಂದಿನ ಕೊಲೆಗೆ ಹಣ ಕೊಡುವುದು ಬೇರೆ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ದೇಣಿಗೆ ಕೊಟ್ಟವನು ಕಾರಿತದಿಂದ ತಪ್ಪಿಸಿಕೊಳ್ಳಲಾರ.

ಬಸದಿಗಳ ಟ್ರಸ್ಟುಗಳು ಇಲ್ಲಿಯೇ ಯೋಚಿಸಬೇಕು. ಹುಂಡಿಯ ಕಾಣಿಕೆ ವಿದ್ಯಾಸಂಸ್ಥೆಗೆ, ಆಸ್ಪತ್ರೆಗೆ, ಸಂಶೋಧನಾ ವೇತನಕ್ಕೆ ಹೋಗುತ್ತದೆ. ಔಷಧದಾನವೆಂಬ ಶೀರ್ಷಿಕೆಯಲ್ಲಿ ಲೆಕ್ಕಕ್ಕೆ ಸೇರುತ್ತದೆ. ಆ ಹಣದಿಂದ ಇಲಿಯ ಪಂಜರ ಕೊಂಡಿದ್ದರೆ ಔಷಧದಾನದ ಖಾತೆಗೆ ಜಮೆಯಾದದ್ದು ಅಭಯದಾನದ ಖಾತೆಯಿಂದ ಖರ್ಚಾಗಿದೆ. ಅಂತಹ ಲೆಕ್ಕಕ್ಕೆ ಯಾವ ಲೆಕ್ಕಪರಿಶೋಧಕ ಸಹಿ ಮಾಡಿಯಾನು? ಕೊಡುವ ಪ್ರತಿ ದೇಣಿಗೆಗೂ ‘ಪ್ರಾಣಿಪ್ರಯೋಗಕ್ಕೆ ವಿನಿಯೋಗಿಸತಕ್ಕದ್ದಲ್ಲ’ ಎಂಬ ಲಿಖಿತ ಷರತ್ತು ಇರಲಿ. ಸಮಾಜದವರೇ ನಡೆಸುವ ಕಾಲೇಜುಗಳಲ್ಲಿ ವರ್ಷಕ್ಕೆ ಎಷ್ಟು ಪ್ರಾಣಿಗಳು ಸತ್ತವೆಂಬ ಅಂಕಿಯನ್ನು ಆಡಳಿತ ಮಂಡಳಿ ಸಭೆಯಲ್ಲಿ ಓದಿಸಲಿ. ಉಳಿದ ಹಣ ರಾಸಾಯನಿಕ ವಿಶ್ಲೇಷಣೆಯ ಉಪಕರಣಗಳಿಗೆ, ಕೋಶಪರೀಕ್ಷೆಗೆ ಹೋಗಲಿ. ಗೃಹಿಣಿಯರು ಜೆಲಟಿನ್‌ನ ಪ್ರಶ್ನೆಯ ಜೊತೆಗೆ ಈ ಪ್ರಶ್ನೆಯನ್ನೂ ಕಂಪನಿಗಳಿಗೆ ಒಂದು ಕಾರ್ಡಿನಲ್ಲಿ ಬರೆದು ಕೇಳಲಿ.

ಇದು ಹೊಸ ಆದರ್ಶವೇನೂ ಅಲ್ಲ. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿಯೂ ಪೂರ್ಣವಾದ ವೈದ್ಯಶಾಸ್ತ್ರವನ್ನು ಕಟ್ಟಬಹುದೆಂದು ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕದಲ್ಲಿ ತೋರಿಸಿದರು. ಕೀರ್ತಿವರ್ಮನು ಗೋವೈದ್ಯವನ್ನು ಬರೆದು ಪ್ರಾಣಿಯನ್ನೇ ರೋಗಿಯ ಸ್ಥಾನದಲ್ಲಿ ಕೂಡಿಸಿದನು. ವೈದ್ಯವಿದ್ಯೆಯನ್ನು ಅಹಿಂಸೆಯ ಚೌಕಟ್ಟಿನೊಳಗೆ ಬೆಳೆಸಿದ ಈ ನಾಡಿನ ಜೈನ ಪರಂಪರೆಗೆ ಇಂದಿನ ವಾರಸುದಾರರು, ಪ್ರಯೋಗಾಲಯದ ಬಾಗಿಲಲ್ಲಿ ಧರ್ಮವನ್ನು ಹೊರಗೆ ನಿಲ್ಲಿಸಿ ಒಳಗೆ ಹೋಗುವುದು ಸಲ್ಲದು.