‘ಸಾಂಪ್ರದಾಯಿಕ ಅಡುಗೆ’ ಎಂದರೆ ಸಾವಿರಾರು ವರ್ಷ ಹಳೆಯದೇ? ಸೇಂಟ್ ಹೆಲೆನಾ ದ್ವೀಪದ ಪಲಾವ್ ಹೇಳುವ ಕಥೆ

“ಇದು ನಮ್ಮ ಪೂರ್ವಜರ ಸಾವಿರಾರು ವರ್ಷಗಳ ಆಹಾರ, ಆದ್ದರಿಂದ ಶುದ್ಧ, ಆದ್ದರಿಂದ ಆರೋಗ್ಯಕರ.” ಇಂಥ ಮೆಸೇಜ್ ನಿಮಗೂ ಬಂದಿರುತ್ತದೆ. ಈ ಮಾತು ಎಷ್ಟು ನಿಜ ಎಂದು ನೋಡಲು ಅಟ್ಲಾಂಟಿಕ್ ಸಾಗರದ ಒಂದು ಪುಟ್ಟ ದ್ವೀಪಕ್ಕೆ ಹೋಗೋಣ.

ಸೇಂಟ್ ಹೆಲೆನಾ ಆಫ್ರಿಕಾದ ಕರಾವಳಿಯಿಂದ ಸುಮಾರು 1,900 ಕಿ.ಮೀ. ದೂರದಲ್ಲಿದೆ. ವಿಸ್ತೀರ್ಣ ಕೇವಲ 122 ಚ.ಕಿ.ಮೀ. 1502ರಲ್ಲಿ ಪೋರ್ಚುಗೀಸರು ಕಂಡಾಗ ಅಲ್ಲಿ ಮನುಷ್ಯರೇ ಇರಲಿಲ್ಲ. ಅಂದರೆ ಅಲ್ಲಿ ‘ಪ್ರಾಚೀನ ಅಡುಗೆ’ ಇರಲು ಸಾಧ್ಯವೇ ಇಲ್ಲ. ಆದರೂ ಸಾಂಪ್ರದಾಯಿಕ ಅಡುಗೆ ಇದೆ!

ಮೊದಲ ನಿವಾಸಿ ಯಾರು?

ಫೆರ್ನಾವ್ ಲೋಪೆಸ್ ಎಂಬ ಪೋರ್ಚುಗೀಸ್ ಸೈನಿಕ. ಗೋವೆಯಲ್ಲಿ ಆತ ಬಿಜಾಪುರದ ಆದಿಲ್‌ಶಾಹಿ ಪಕ್ಷ ಸೇರಿದ್ದ. 1512ರಲ್ಲಿ ಸಿಕ್ಕಿಬಿದ್ದಾಗ ಅಲ್ಬುಕರ್ಕ್ ಅವನ ಮೂಗು, ಕಿವಿ, ಬಲಗೈ ಕತ್ತರಿಸಿದ. ಊರಿಗೆ ಮರಳುವ ದಾರಿಯಲ್ಲಿ, 1516ರ ಸುಮಾರಿಗೆ, ಈ ದ್ವೀಪದಲ್ಲೇ ಉಳಿದು ತೋಟ ಬೆಳೆಸಿದ. ತಿಂಗಳುಗಟ್ಟಲೆ ತಾಜಾ ಆಹಾರವಿಲ್ಲದೆ, ಸಿ ವಿಟಮಿನ್ ಕೊರತೆಯಿಂದ ಒಸಡು ಬಾತು ರಕ್ತ ಸೋರುತ್ತಿದ್ದ ನಾವಿಕರಿಗೆ ಇಲ್ಲಿಯ ಹಣ್ಣು, ಸಿಹಿನೀರು ಜೀವದಾನವಾಗಿತ್ತು.

ಪಲಾವ್ ಬಂದದ್ದು ಹೇಗೆ?

1659ರಿಂದ ದ್ವೀಪ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಭಾರತದಿಂದ ಲಂಡನ್ನಿಗೆ ಹೊರಟ ಹಡಗುಗಳು ಇಲ್ಲಿ ತಂಗುತ್ತಿದ್ದವು. ಮಡಗಾಸ್ಕರ್, ಭಾರತ, ಆಗ್ನೇಯ ಏಷ್ಯಾಗಳಿಂದ ಗುಲಾಮರನ್ನು ತಂದರು. 1810ರಿಂದ ಚೀನೀ ಕೂಲಿಕಾರರೂ ಬಂದರು.

ಇಂದು ದ್ವೀಪದ ಮನೆಮನೆಯ ಅಡುಗೆ ‘ಪ್ಲೋ’. ಅಕ್ಕಿ, ಮಾಂಸ, ತರಕಾರಿ, ಕರಿ ಪುಡಿ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾರೆ. ಹೆಸರು ಕೇಳಿದರೇ ಗೊತ್ತಾಗುತ್ತದೆ, ಇದು ನಮ್ಮ ಪಲಾವಿನ ನೆಂಟ. ಟ್ಯೂನಾ ಮೀನು, ಆಲೂಗಡ್ಡೆ, ಈರುಳ್ಳಿ, ಮೆಣಸಿನಕಾಯಿ ಕಲಸಿ ಕರಿದ ಫಿಶ್‌ಕೇಕ್ ಇನ್ನೊಂದು ಅಚ್ಚುಮೆಚ್ಚು. ಕಾಫಿ ಬಂದದ್ದು ಯೆಮನ್‌ನ ಮೋಕಾದಿಂದ, 1730ರ ದಶಕದಲ್ಲಿ. ನಮ್ಮ ಬಾಬಾಬುಡನ್ ಕಥೆಯ ಕಾಫಿ ಬೀಜದ ಮೂಲವೂ ಅದೇ ಮೋಕಾ.

ಹಾಗಾದರೆ ಆರೋಗ್ಯಕರವೇ?

‘ಸಾಂಪ್ರದಾಯಿಕ’ ಎಂಬ ಹಣೆಪಟ್ಟಿ ಅದನ್ನು ಹೇಳುವುದಿಲ್ಲ. ದ್ವೀಪಕ್ಕೆ ಬೇಕಾದ ಆಹಾರದ ಬಹುಪಾಲು ಈಗಲೂ ಹೊರಗಿನಿಂದ ಬರುತ್ತದೆ. ಸಕ್ಕರೆ ಕಾಯಿಲೆ ಅಲ್ಲಿನ ದೊಡ್ಡ ಸಮಸ್ಯೆ. ಅದಕ್ಕೆ ಒಂದೇ ಅಡುಗೆಯನ್ನು ದೂರುವುದೂ ತಪ್ಪು. ಯಾವ ಎಣ್ಣೆ, ಎಷ್ಟು ಅನ್ನ, ಎಷ್ಟು ತರಕಾರಿ, ದಿನವಿಡೀ ಎಷ್ಟು ನಡಿಗೆ ಎಂಬುದು ಮುಖ್ಯ, ಅಡುಗೆಯ ವಯಸ್ಸಲ್ಲ.

ನಮ್ಮ ಅಡುಗೆಮನೆಯನ್ನೇ ನೋಡಿ. ಒಣಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಮೂರೂ ಅಮೆರಿಕ ಖಂಡದಿಂದ ಬಂದವು. ಪೋರ್ಚುಗೀಸರು ಬರುವ ಮೊದಲು ಇಲ್ಲಿನ ಸಾರಿಗೆ ಖಾರ ಕೊಡುತ್ತಿದ್ದದ್ದು ಕಾಳುಮೆಣಸು. ಹಾಗೆಂದು ಬ್ಯಾಡಗಿ ಮೆಣಸಿನಕಾಯಿ ನಮ್ಮದಲ್ಲ ಎನ್ನಲಾದೀತೇ?

ಒಟ್ಟಿನಲ್ಲಿ: ಸಂಪ್ರದಾಯಕ್ಕೆ ಸಾವಿರ ವರ್ಷ ಬೇಕಿಲ್ಲ, ನಾಲ್ಕಾರು ತಲೆಮಾರು ಸಾಕು. ಪ್ಲೋ ತಿನ್ನುವ ದ್ವೀಪದವರ ನಾಲಿಗೆಯಲ್ಲಿ, ಹೆಸರೂ ದಾಖಲಾಗದ ಎಷ್ಟೋ ಗುಲಾಮರ ಕೈರುಚಿ ಉಳಿದಿದೆ. ಮುಂದಿನ ಸಲ ‘ಶುದ್ಧ, ಪ್ರಾಚೀನ’ ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಎರಡು ಪ್ರಶ್ನೆ ಕೇಳಿ: ಇದರ ಸಾಮಗ್ರಿ ಎಲ್ಲಿಂದ ಬಂತು? ಹಳೆಯದು ಎನ್ನುವುದರ ಹೊರತು ಒಳ್ಳೆಯದು ಎನ್ನಲು ಬೇರೆ ಕಾರಣ ಕೊಟ್ಟಿದ್ದಾರೆಯೇ?